ಹದಿನೇಳನೇ ನಡೆಗೆ ತಿದ್ದುಪಡಿ

ಗುರುವಪ್ಪಣ್ಣನನ್ನು ಒಮ್ಮೆಯಾದರೂ ಚೆಸ್ಸಿನಲ್ಲಿ ಸೋಲಿಸಬೇಕು ಎಂಬುದೊಂದನ್ನು ಬಿಟ್ಟರೆ ನನಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಕೊಟ್ಟಾರದ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೆ. ಅಲ್ಲಿಂದ ಮೇಲೆ ಹೋಗುವ ಯೋಚನೆಯನ್ನು ಎಂದೋ ಕೈಬಿಟ್ಟಿದ್ದೆ. ಉರ್ವದಲ್ಲಿ ಸ್ವಂತ ಮನೆ ಇತ್ತು. ಹೆಂಡತಿ ಗುಣವತಿ, ಕಾಲೇಜಿಗೆ ಹೋಗುವ ಮಗಳು ಶಶಿಪ್ರಭಾ, ದಿನ ಬಿಟ್ಟು ದಿನ ಸ್ಟಾರ್ಟ್ ಆಗುವ ಒಂದು ಸ್ಕೂಟರ್. ಇಷ್ಟೆಲ್ಲ ಇದ್ದೂ, ನೇತ್ರಾವತಿ ಸೇತುವೆಯ ಆಚೆ ತೊಕ್ಕೊಟ್ಟಿನಲ್ಲಿ ಕುಳಿತ ಒಬ್ಬ ಮುದುಕನ ಕೈಯಲ್ಲಿ ಹತ್ತು ವರ್ಷ ಸೋಲುತ್ತಲೇ ಬಂದೆನೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರ ಪರಿಚಯವಾದದ್ದು ಎಪ್ಪತ್ತಮೂರರಲ್ಲಿ, ನಮ್ಮ ಉರ್ವದ ಯುವಕ ಮಂಡಲದ ಪಂದ್ಯದಲ್ಲಿ. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರಂತೆ. ಮಾಸಿದ ಬಿಳಿ ಅಂಗಿ, ಮಡಚಿ ಹಿಡಿದ ಕೊಡೆ. ಇವರೇನು ಆಡಿಯಾರು ಎಂದು ಎದುರು ಕುಳಿತೆ. ಹತ್ತೊಂಬತ್ತು ನಡೆಯಲ್ಲಿ ನನ್ನ ರಾಜನನ್ನು ಮೂಲೆಗೆ ಒತ್ತಿ ಎದ್ದರು. ನಾಲ್ಕು ಜನ ನೋಡುತ್ತಿದ್ದರು.

"ಶೆಟ್ರೆ, ಕುದುರೆ ಸಿಕ್ಕಿದ್ರೆ ನೀವು ಬಿಡುದಿಲ್ಲ," ಎಂದರು. "ಯಾಕೆ ಸಿಕ್ತು ಅಂತ ಕೇಳುದೂ ಇಲ್ಲ."

ಇನ್ನೊಂದು ಆಟ ಆಡಲೇಬೇಕು ಎಂದು ಹಟ ಹಿಡಿದೆ. ಅವರ ಹೆಂಡತಿ ಅಕ್ಕು ಮಲಗಿದಲ್ಲೇ ಇದ್ದರು, ಮನೆ ಬಿಟ್ಟು ಪುನಃ ಬರುವ ಹಾಗಿರಲಿಲ್ಲ. ಹಾಗಾದರೆ ಅಂಚೆ ಕಾರ್ಡಿನಲ್ಲಿ ಆಡುವ ಎಂದು ಅವರೇ ಹೇಳಿದರು. ಹತ್ತು ಮೈಲಿಯೂ ಇಲ್ಲದ ದಾರಿಗೆ ಅಂಚೆ! ಗುಣವತಿ ಅಂದು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಕ್ರಮ ಬಹಳ ಸುಲಭ. ಒಂದು ನಡೆಗೆ ನಾಲ್ಕು ಅಂಕಿ. ಮೊದಲಿನ ಎರಡು ಕಾಯಿ ಇದ್ದ ಮನೆ, ಕೊನೆಯ ಎರಡು ಅದು ಹೋದ ಮನೆ. 5254 ಎಂದರೆ ಐದನೇ ಸಾಲಿನ ಎರಡನೇ ಮನೆಯಲ್ಲಿದ್ದ ಕಾಲಾಳು ನಾಲ್ಕನೇ ಮನೆಗೆ ಹೋಯಿತು ಎಂದು ಅರ್ಥ. ಅಂಕಿಯ ಕೆಳಗೆ ಎರಡು ಗೆರೆ ಏನಾದರೂ ಬರೆಯಬೇಕು. ಇದು ಗುರುವಪ್ಪಣ್ಣನ ಷರತ್ತು. ಹದಿನೈದು ಪೈಸೆಯ ಕಾರ್ಡನ್ನು ಬರೀ ನಾಲ್ಕು ಅಂಕಿಗೆ ಹಾಳು ಮಾಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಹಾಗಾಗಿ ಮಗಳ ಮಾರ್ಕು, ಸ್ಕೂಟರಿನ ಹಣೆಬರಹ, ಮೀನಿನ ರೇಟು, ಮೇಲಧಿಕಾರಿಯ ಮೂರ್ಖತನ ಎಲ್ಲವೂ ತೊಕ್ಕೊಟ್ಟಿಗೆ ಹೋಯಿತು. ಅಲ್ಲಿಂದ ಅಕ್ಕುವಿನ ಔಷಧಿ, ಹುಂಜದ ಜಗಳ, ಬೀಡಿ ಕಟ್ಟುವ ಮಗಳು ಬಾಗಿಯ ಸೊಂಟನೋವು ಇಲ್ಲಿಗೆ ಬಂತು.

ನಮ್ಮ ಪೋಸ್ಟ್‌ಮ್ಯಾನ್ ಚನಿಯನಿಗೆ ಈ ಅಂಕಿಗಳ ಮೇಲೆ ಬೇರೆಯೇ ಗುಮಾನಿ. ಒಂದು ದಿನ ಗೇಟಿನ ಹತ್ತಿರ ನಿಂತು ದನಿ ತಗ್ಗಿಸಿ, "ಶೆಟ್ರೆ, ನಿಮ್ಮ ನಂಬರ್ ಒಂದೂ ಬೀಳುದಿಲ್ಲ ಮಾರಾಯ್ರೆ. ಮೂರು ವಾರದಿಂದ ಹಾಕ್ತಾ ಇದ್ದೇನೆ," ಎಂದ. ಮಟ್ಕಾದ ನಂಬರು ಎಂದುಕೊಂಡಿದ್ದ ಪುಣ್ಯಾತ್ಮ. ಅದು ಚೆಸ್ ಎಂದು ತಿಳಿಸಿ ಹೇಳಿದರೂ ಅವನು ನಂಬಿದಂತೆ ಕಾಣಲಿಲ್ಲ.

ವಾರಕ್ಕೊಂದು ನಡೆ, ವರ್ಷಕ್ಕೊಂದು ಆಟ. ಹತ್ತು ವರ್ಷದಲ್ಲಿ ಹತ್ತು ಆಟ. ಒಂಬತ್ತು ಸೋತೆ. ಉಳಿದ ಒಂದು ಡ್ರಾ. ಅದೂ ಎಂಬತ್ತೊಂದರಲ್ಲಿ ಅಕ್ಕು ತೀರಿಕೊಂಡಾಗ ಅವರಾಗಿ ಬರೆದು ಕಳಿಸಿದ ಡ್ರಾ. ಆಡುವ ಮನಸ್ಸಿಲ್ಲ, ಸಮ ಎಂದು ಇಟ್ಟುಕೊಳ್ಳುವ ಎಂದಿದ್ದರು. ಕಾರ್ಡು ಓದಿ ಆ ಭಾನುವಾರ ತೊಕ್ಕೊಟ್ಟಿಗೆ ಹೋಗಿದ್ದೆ. ಹೊರಡುವಾಗ ಅಭ್ಯಾಸಬಲದಿಂದ "ಬರ್ತೇನೆ" ಎಂದುಬಿಟ್ಟೆ. ಸಾವಿನ ಮನೆಯಿಂದ ಹೊರಡುವವರು ಹಾಗೆ ಹೇಳಬಾರದು, ಏನೂ ಹೇಳದೆ ಎದ್ದು ಹೋಗಬೇಕು ಎಂದು ಮಕ್ಕಳಿಗೂ ಗೊತ್ತು. ಜಗಲಿಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಗುರುವಪ್ಪಣ್ಣ ಮಾತ್ರ ನನ್ನ ಕೈ ಹಿಡಿದು, "ಬನ್ನಿ ಶೆಟ್ರೆ, ಬನ್ನಿ. ನೀವಾದ್ರೂ ಬರ್ತೇನೆ ಅಂದ್ರಲ್ಲ," ಎಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವರ ಕಣ್ಣು ಮಂಜಾಯಿತು. ಮಗಳು ಬಾಗಿಯೇ ನನ್ನ ಕಾರ್ಡು ಓದಿ ಹೇಳುವುದು, ಅವರು ಕಾಯಿಗಳನ್ನು ಕೈಯಲ್ಲಿ ಮುಟ್ಟಿ ನೋಡಿ ಉತ್ತರ ಹೇಳುವುದು, ಬಾಗಿ ಬರೆಯುವುದು. ಕಣ್ಣು ಹೋದ ಮೇಲಾದರೂ ಗೆದ್ದೇನು ಎಂಬ ನೀಚ ಯೋಚನೆ ನನಗೆ ಬಂದದ್ದು ನಿಜ. ಬಂದು ಪ್ರಯೋಜನವೇನು? ಕುರುಡಾದ ಮೇಲೆ ಇನ್ನೂ ಬೇಗ ಸೋಲಿಸತೊಡಗಿದರು.

ಎಂಬತ್ತಮೂರರ ದೀಪಾವಳಿಯ ನಂತರ ಹನ್ನೊಂದನೇ ಆಟ ಶುರುವಾಯಿತು. ಡಿಸೆಂಬರಿನಲ್ಲಿ ನನಗೊಂದು ಕೆಮ್ಮು ಹತ್ತಿಕೊಂಡು ಬಿಡಲೇ ಇಲ್ಲ. ಡಾಕ್ಟರು ಎಕ್ಸ್‌-ರೇ ತೆಗೆಸಿ ಎಂದರು. ಒಂಬತ್ತನೇ ನಡೆಯ ಕಾರ್ಡಿನ ಕೆಳಗೆ ಅದನ್ನೇ ಬರೆದೆ: ಕೆಮ್ಮಿ ಕೆಮ್ಮಿ ಎದೆ ನೋಯುತ್ತದೆ, ನಾಳೆ ಎಕ್ಸ್‌-ರೇ, ಏನಿದೆಯೋ ದೇವರೇ ಬಲ್ಲ. ಎಕ್ಸ್‌-ರೇಯಲ್ಲಿ ಏನೂ ಇರಲಿಲ್ಲ. ಸಿಗರೇಟು ಬಿಡಿ ಎಂದು ಬೈಸಿಕೊಂಡು ಬಂದೆ.

ಅದೇ ವಾರ ಗುಣವತಿಯ ತಮ್ಮ ಚಿತ್ತರಂಜನ ಬಹರೈನಿನಿಂದ ರಜೆಯಲ್ಲಿ ಬಂದ. ಗುಣವತಿಗೆ ಸೀರೆ, ಶಶಿಗೆ ವಾಚು, ನನಗೆ ಒಂದು ಕಪ್ಪು ಪೆಟ್ಟಿಗೆ. ಮೇಲೆ ಚೆಸ್ಸಿನ ಅರವತ್ತನಾಲ್ಕು ಮನೆ, ಅಂಚಿನಲ್ಲಿ ಸಾಲಿಗೊಂದು ಪುಟ್ಟ ಕೆಂಪು ದೀಪ. ಕಾಯಿಯನ್ನು ಎತ್ತುವ ಮನೆಯಲ್ಲೊಮ್ಮೆ, ಇಡುವ ಮನೆಯಲ್ಲೊಮ್ಮೆ ಒತ್ತಬೇಕು. ಕೀಂ ಎನ್ನುತ್ತದೆ. ಆಮೇಲೆ ಅದು ತನ್ನ ನಡೆಯನ್ನು ದೀಪ ಉರಿಸಿ ತೋರಿಸುತ್ತದೆ.

"ಭಾವ, ಇದು ಕಂಪ್ಯೂಟರ್. ಇದರೊಟ್ಟಿಗೆ ಆಡಿ ಆಡಿ ಕಲ್ತುಕೊಳ್ಳಿ," ಎಂದ ಚಿತ್ತರಂಜನ. "ಎಂಟು ಲೆವೆಲ್ ಉಂಟು. ಒಂದನೇದು ಮಕ್ಕಳಿಗೆ."

ಮಕ್ಕಳ ಲೆವೆಲ್ಲಿನಲ್ಲಿ ಹದಿನಾಲ್ಕು ನಡೆಗೆ ನನ್ನನ್ನು ಮುಗಿಸಿತು. ಚಿತ್ತರಂಜನ ಬಾಯಿಗೆ ಕೈ ಅಡ್ಡ ಹಿಡಿದ. ಎಂಥ ಉಡುಗೊರೆ ಇದು? ತೊಕ್ಕೊಟ್ಟಿನಿಂದ ಬರುವ ಅವಮಾನ ವರ್ಷಕ್ಕೊಮ್ಮೆ; ಇದು ದಿನಕ್ಕೆ ನಾಲ್ಕು ಸಲ. ಒಂದು ವಾರ ಕಲಿಯಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಕಲಿತದ್ದು ಇಷ್ಟೇ: ಯಂತ್ರಕ್ಕೆ ಸುಸ್ತಾಗುವುದಿಲ್ಲ, ಕರುಣೆ ಬರುವುದಿಲ್ಲ, ಮತ್ತು ನನಗೆ ಈ ವಯಸ್ಸಿನಲ್ಲಿ ಏನೂ ತಲೆಗೆ ಹೋಗುವುದಿಲ್ಲ.

ಆಗ ಹೊಳೆಯಿತು. ಇದು ನನ್ನನ್ನು ಸೋಲಿಸುವ ಬದಲು ಗುರುವಪ್ಪಣ್ಣನನ್ನು ಯಾಕೆ ಸೋಲಿಸಬಾರದು?

ತಪ್ಪು ಎಂದು ಒಳಗೆಲ್ಲೋ ಚುಚ್ಚಿತು. ಆದರೆ ನಾನು ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕಡತಕ್ಕೆ ಟಿಪ್ಪಣಿ ಬರೆದವನು, ಯಾವುದಕ್ಕೂ ಒಂದು ಸಮರ್ಥನೆ ಹುಡುಕಬಲ್ಲೆ. ಅಂಚೆಯಾಟದಲ್ಲಿ ಪುಸ್ತಕ ನೋಡಬಹುದು, ಅದು ಎಲ್ಲರೂ ಒಪ್ಪಿದ ಮಾತು. ಯಂತ್ರವೆಂದರೆ ಸ್ವಲ್ಪ ದಪ್ಪ ಪುಸ್ತಕ. ಟಿಪ್ಪಣಿ ಮುಗಿಯಿತು, ಸಹಿ ಬಿತ್ತು.

ಹತ್ತನೇ ನಡೆಯಿಂದ ಯಂತ್ರ ಆಡತೊಡಗಿತು. ಎಂಟನೇ ಲೆವೆಲ್ಲಿನಲ್ಲಿಟ್ಟರೆ ಅದಕ್ಕೆ ಒಂದು ನಡೆ ಯೋಚಿಸಲು ಏಳೆಂಟು ಗಂಟೆ ಬೇಕು. ಬೆಳಿಗ್ಗೆ ಗುರುವಪ್ಪಣ್ಣನ ನಡೆಯನ್ನು ಒತ್ತಿ ನಾನು ಕಚೇರಿಗೆ ಹೊರಡುತ್ತಿದ್ದೆ. ಸಂಜೆ ಶಶಿ ಕಾಲೇಜಿನಿಂದ ಬಂದು, ಯಾವ ದೀಪ ಉರಿಯುತ್ತಿದೆ ಎಂದು ನೋಡಿ, ಅಂಕಿಗಳನ್ನು ಕಾರ್ಡಿನಲ್ಲಿ ಬರೆದು, ಟೈಪಿಂಗ್ ಕ್ಲಾಸಿಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತಿದ್ದಳು. ಐದೂವರೆಗೆ ಡಬ್ಬಿಯಿಂದ ತೆಗೆಯುವ ಕಟ್ಟಿಗೆ ಸಿಕ್ಕಿದರೆ ಮರುದಿನವೇ ತೊಕ್ಕೊಟ್ಟು ಮುಟ್ಟುತ್ತಿತ್ತು.

"ಪಪ್ಪ, ಕೆಳಗೆ ಎಂತ ಬರಿಯುದು?" ಎಂದು ಮೊದಲ ದಿನ ಕೇಳಿದಳು.

"ಎಂತ ಇಲ್ಲ. ನಂಬರ್ ಸಾಕು. ಬರಿಯುದನ್ನೆಲ್ಲ ಗೆದ್ದ ಮೇಲೆ ನಾನೇ ಬರಿತೇನೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಈ ಕಪ್ಪು ಪೆಟ್ಟಿಗೆಗೆ ಚೆಸ್ ಗೊತ್ತಿತ್ತೇ ಹೊರತು ನಮ್ಮ ಊರಿನ ಕರೆಂಟು ಗೊತ್ತಿರಲಿಲ್ಲ. ಏಳು ಗಂಟೆ ಯೋಚಿಸಿ ಇನ್ನೇನು ಹೇಳಬೇಕು ಎನ್ನುವಾಗ ಕರೆಂಟು ಹೋಗುತ್ತಿತ್ತು. ಬಂದಾಗ ಅದಕ್ಕೆ ಎಲ್ಲ ಮರೆತುಹೋಗಿರುತ್ತಿತ್ತು. ಪುನಃ ಮೊದಲನೇ ನಡೆಯಿಂದ ಎರಡೂ ಕಡೆಯ ಕಾಯಿಗಳನ್ನು ಒಂದೊಂದಾಗಿ ಒತ್ತಿ, ಕೀಂ ಕೀಂ ಎನ್ನಿಸಿ, ಆಟವನ್ನು ಅಲ್ಲಿಯವರೆಗೆ ತರಬೇಕು. ಬ್ಯಾಟರಿ ಹಾಕಿ ನೋಡಿದೆ. ಆರು ದಪ್ಪ ಸೆಲ್ಲು ಎರಡೇ ದಿನದಲ್ಲಿ ನುಂಗಿತು. ಒಂದು ದಿನ ಕೆಲಸದ ತೆರೆಸಾ ಧೂಳು ಒರೆಸಲು ಎಲ್ಲ ಕಾಯಿಗಳನ್ನು ತೆಗೆದು ಚಂದ ಮಾಡಿ ಡಬ್ಬಿಯೊಳಗೆ ಇಟ್ಟಿದ್ದಳು. ನಾನು ಕೂಗಾಡಿದ್ದಕ್ಕೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಅವಳು ಅತ್ತಳು. ಗುಣವತಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

"ಅದಕ್ಕಿಂತ ಒಂದು ಬಸ್ಸು ಹಿಡಿದು ಹೋಗಿ ಅವರೆದುರು ಕೂತು ಆಡಿ ಬರಬಾರದಾ?" ಎಂದಳು ಮೂರನೆಯ ದಿನ.

ಹೋಗಿ ಸೋತು ಬರಬೇಕೇ? ಇವಳಿಗೇನು ಗೊತ್ತು.

ಫೆಬ್ರವರಿಯಲ್ಲಿ ತೊಕ್ಕೊಟ್ಟಿನಿಂದ ಬಂದ ಕಾರ್ಡಿನಲ್ಲಿ, ಅಂಕಿಯ ಕೆಳಗೆ, "ಎಕ್ಸ್‌-ರೇ ಎಂತಾಯ್ತು?" ಎಂದಿತ್ತು. ಮುಂದಿನ ವಾರ, "ಕೆಮ್ಮು ಹೇಗುಂಟು, ಒಂದು ಗೆರೆ ಬರೆಯಿರಿ." ಅದರ ಮುಂದಿನ ವಾರ, "ಮನೆಯಲ್ಲಿ ಎಲ್ಲರೂ ಸೌಖ್ಯವೇ?" ನನಗೆ ರೇಗಿತು. ಇಲ್ಲಿ ಕರೆಂಟಿನ ಜೊತೆ ನಾನು ಹೊಡೆದಾಡುತ್ತಿದ್ದೇನೆ, ಇವರಿಗೆ ಕೆಮ್ಮಿನ ಚಿಂತೆ. ಸೋಲು ಹತ್ತಿರವಾದಾಗ ಮಾತಿಗೆಳೆಯುವ ಉಪಾಯ ಇರಬೇಕು ಎಂದುಕೊಂಡೆ. ಗೆದ್ದ ಮೇಲೆ ಉದ್ದ ಕಾಗದವನ್ನೇ ಬರೆದರಾಯಿತು.

ಮಾರ್ಚಿನಲ್ಲಿ ಹದಿನೇಳನೇ ನಡೆ. ಗುರುವಪ್ಪಣ್ಣ ತಮ್ಮ ಕುದುರೆಯನ್ನು ನಟ್ಟನಡುವೆ, ಯಾವ ಕಾವಲೂ ಇಲ್ಲದೆ, ನನ್ನ ಮಂತ್ರಿಯ ಎದುರು ತಂದಿಟ್ಟರು. ನನ್ನ ಬಾಯಲ್ಲಿ ನೀರೂರಿತು. ನಡೆ ಒತ್ತಿ ಕಚೇರಿಗೆ ಹೋದೆ. ಇಡೀ ದಿನ ಕಡತದಲ್ಲಿ ಆ ಕುದುರೆಯೇ ಕಂಡಿತು. ಸಂಜೆ ಓಡಿ ಬಂದು ನೋಡಿದರೆ ಈ ದರಿದ್ರ ಯಂತ್ರ ಕುದುರೆಯನ್ನು ಮುಟ್ಟದೆ ಮೂಲೆಯ ಕಾಲಾಳನ್ನು ಒಂದು ಮನೆ ನೂಕಿತ್ತು! ಶಶಿ ಅದನ್ನೇ ಬರೆದು ಹಾಕಿ ಆಗಿತ್ತು.

ಸಿಟ್ಟಿನಲ್ಲಿ ಕುಳಿತು, ಯಂತ್ರದ ನಡೆಯನ್ನು ಹಿಂದೆ ತಂದು, ನಾನೇ ಮಂತ್ರಿಯಿಂದ ಕುದುರೆಯನ್ನು ತೆಗೆದೆ. ಆಚೆ ಕಡೆಯಿಂದ ಯಂತ್ರವನ್ನೇ ಆಡಿಸಿದೆ. ನಾಲ್ಕು ನಡೆ. ನಾಲ್ಕೇ ನಡೆಯಲ್ಲಿ ನನ್ನ ರಾಜ ಮುಗಿದಿದ್ದ. ಎಪ್ಪತ್ತಮೂರರಲ್ಲಿ ಯುವಕ ಮಂಡಲದ ಬೆಂಚಿನ ಮೇಲೆ ಬಿದ್ದ ಅದೇ ಹೊಂಡ. ಈ ಹತ್ತು ವರ್ಷದಲ್ಲಿ ಬೇರೆ ಬೇರೆ ವೇಷದಲ್ಲಿ ಇನ್ನೂ ಮೂರು ಸಲ ಅದರಲ್ಲಿ ಬಿದ್ದಿದ್ದೇನೆ. ನಾಚಿಕೆಯೂ ಆಯಿತು, ಒಳಗೊಳಗೆ ಕುಣಿಯುವಷ್ಟು ಸಂತೋಷವೂ ಆಯಿತು. ಮುದುಕನ ದೊಡ್ಡ ಬಾಣ ಗುರಿ ತಪ್ಪಿತ್ತು.

ಆಮೇಲೆ ಅವರ ಕಾರ್ಡಿನಲ್ಲಿ ಎರಡು ಗೆರೆ ಬರುವುದು ನಿಂತಿತು. ಬರೀ ನಾಲ್ಕು ಅಂಕಿ. ಸುಸ್ತಾಗಿದ್ದಾರೆ ಎಂದು ಗುಣವತಿಗೆ ಹೇಳಿದೆ. ಏಪ್ರಿಲಿನಲ್ಲಿ ಅವರ ಒಂದು ಆನೆ ಹೋಯಿತು, ಆಮೇಲೆ ಎರಡು ಕಾಲಾಳು. ಇಪ್ಪತ್ತನಾಲ್ಕನೇ ನಡೆಯ ಹೊತ್ತಿಗೆ, ನನ್ನಂಥವನಿಗೂ ಅರ್ಥವಾಗುವ ಹಾಗೆ, ಆಟ ನನ್ನ ಕೈಯಲ್ಲಿತ್ತು. ಗೆದ್ದ ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಯಲ್ಲಿ ತೂಗುಹಾಕಬೇಕು ಎಂದು ಜಾಗವನ್ನೂ ನೋಡಿ ಇಟ್ಟಿದ್ದೆ.

ಕಾರ್ಡು ಬರಲಿಲ್ಲ.

ಒಂದು ವಾರ ಹೋಯಿತು, ಎರಡು ವಾರ ಹೋಯಿತು. ದಿನಾ ಗೇಟಿನಲ್ಲಿ ಚನಿಯನನ್ನು ಅಡ್ಡಗಟ್ಟಿದೆ. "ಬಂದ್ರೆ ಕೊಡದೆ ನಾನೆಂತ ಉಪ್ಪಿನಕಾಯಿ ಹಾಕ್ತೇನಾ?" ಎಂದು ಅವನಿಗೂ ಸಿಟ್ಟು ಬಂತು. ಸೋಲೊಪ್ಪಲಾರದೆ ಹೀಗೆ ಸುಮ್ಮನೆ ಕೂರುವುದೇ? ಒಂಬತ್ತು ಸಲ ಸೋತಾಗಲೂ ನಾನು ಮರುದಿನವೇ, ಅಭಿನಂದನೆ ಎಂದು, ಹಲ್ಲು ಕಚ್ಚಿಕೊಂಡು ಬರೆದು ಹಾಕಿದವನು. ಸೋಲುವುದಕ್ಕೂ ಒಂದು ಮರ್ಯಾದೆ ಬೇಡವೇ?

ಮೇ ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ, ಬನಿಯನ್ ಮೈಯಲ್ಲಿ, ಒಳಕೋಣೆಯಲ್ಲಿ ಕುಳಿತಿದ್ದೆ. ಕರೆಂಟು ಹೋಗಿ ಬಂದಿತ್ತು. ಒಂದನೇ ನಡೆಯಿಂದ ಕಾಯಿ ಒತ್ತುತ್ತ ಬರುತ್ತಿದ್ದೆ. ಗೇಟು ಸದ್ದಾಯಿತು. ಗುಣವತಿ ಜಗಲಿಗೆ ಹೋದಳು.

"ತಾರಾನಾಥ ಶೆಟ್ರ ಮನೆ ಇದೇ ಅಲ್ವಾ ಅಮ್ಮ? ನಾನು ತೊಕ್ಕೊಟ್ಟಿನ ಗುರುವಪ್ಪ. ಇವಳು ಮಗಳು, ಬಾಗಿ."

ಸೋಲನ್ನು ಹೇಳಲು ಸ್ವತಃ ಬಂದಿದ್ದಾರೆ! ಎರಡು ಬಸ್ಸು ಬದಲಿಸಿ, ಕಣ್ಣು ಕಾಣದವರು! ಎಂಥ ದೊಡ್ಡ ಮನುಷ್ಯ, ನಾನು ಸುಮ್ಮನೆ ಬೈದೆನಲ್ಲ ಎಂದುಕೊಳ್ಳುತ್ತ ಅಂಗಿ ಹುಡುಕಿದೆ. ಅಷ್ಟರಲ್ಲಿ ಹೊರಗಿನಿಂದ ಅವರ ದನಿ ಕೇಳಿತು.

"ತಡ ಆಯ್ತು ಅಮ್ಮ. ಮೊದಲೇ ಬರಬೇಕಿತ್ತು. ನಮಗೆ ಯಾರೂ ತಿಳಿಸ್ಲಿಲ್ಲ."

"ಎಂತ ತಿಳಿಸುದು?" ಎಂದಳು ಗುಣವತಿ.

"ನೀವು ಒಳ್ಳೆದಕ್ಕೇ ಮಾಡಿದ್ದು, ನನಗೆ ಅರ್ಥ ಆಗ್ತದೆ. ಮುದುಕ, ಕಣ್ಣಿಲ್ಲ, ಅವನ ಆಟವಾದ್ರೂ ನಡೀಲಿ ಅಂತ ಮಗಳ ಹತ್ರ ಆಡಿಸಿದ್ರಿ. ಅಕ್ಷರ ಹೆಣ್ಣುಮಗಳದ್ದು ಅಂತ ಬಾಗಿ ಆಗ್ಲೇ ಹೇಳಿದ್ಲು. ಮಗಳು ಒಳ್ಳೆ ಆಡ್ತಾಳೆ ಅಮ್ಮ. ಅಪ್ಪನಿಗಿಂತ ಎಷ್ಟೋ ಮೇಲೆ. ಆದ್ರೆ ಇನ್ನು ಬೇಡ. ತೀರಿಹೋದವರ ಹೆಸರಲ್ಲಿ ಕಾರ್ಡು ಬರುದು ನನ್ನಿಂದ ತಡ್ಕೊಳ್ಲಿಕ್ಕೆ ಆಗುದಿಲ್ಲ."

ಅಂಗಿಯ ಒಂದು ತೋಳಿಗೆ ಕೈ ಹಾಕಿದವನು ಹಾಗೆಯೇ ನಿಂತೆ.

"ಅಯ್ಯೋ ದೇವರೇ!" ಎಂದು ಗುಣವತಿ ಕೂಗಿದಳು. "ಇವರು ಒಳಗೆ ಇದ್ದಾರೆ ಮಾರಾಯ್ರೆ! ಎಂತ ಹೇಳ್ತೀರಿ ನೀವು!"

ಹೊರಗೆ ಬಂದೆ. ಗುರುವಪ್ಪಣ್ಣ ಜಗಲಿಯ ತುದಿಯಲ್ಲಿ ನಿಂತಿದ್ದರು. ಮೂರು ವರ್ಷದಲ್ಲಿ ಅರ್ಧವಾಗಿ ಹೋಗಿದ್ದರು. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಬಿಳಿ ಬೈರಾಸ್ ಟವೆಲ್. ಸಾವಿನ ಮನೆಗೆ ಹೊರಟವರ ಉಡುಗೆ. ಬಾಗಿ ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದುಕೊಂಡು ನನ್ನನ್ನು ಕಂಡು ಬಾಯಿ ತೆರೆದು ನಿಂತಳು.

"ಗುರುವಪ್ಪಣ್ಣ, ನಾನು ಇದ್ದೇನೆ," ಎಂದೆ.

ಅವರು ಮುಖ ಎತ್ತಿದರು. ಕೈ ಚಾಚಿದರು. ಹೋಗಿ ಕೈ ಕೊಟ್ಟೆ. ನನ್ನ ಮಣಿಕಟ್ಟನ್ನು, ಮೊಣಕೈಯನ್ನು, ಭುಜವನ್ನು ಮುಟ್ಟಿ ನೋಡಿದರು; ಚೆಸ್ಸಿನ ಕಾಯಿಯನ್ನು ಮುಟ್ಟಿ ನೋಡುವುದೂ ಹೀಗೆಯೇ ಇರಬೇಕು. "ಇದ್ದೀರಿ," ಎಂದರು. "ಇದ್ದೀರಿ ಶೆಟ್ರೆ." ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಗುಣವತಿ ನೀರು ಬೆಲ್ಲ ತಂದಳು. ಒಂದು ಗುಟುಕು ಕುಡಿದ ಮೇಲೆ ಅವರ ಮುಖ ಬದಲಾಯಿತು. ಲೋಟ ಕೆಳಗಿಟ್ಟರು.

"ಮತ್ತೆ ಕುದುರೆ ಯಾಕೆ ತಿನ್ಲಿಲ್ಲ?"

ನಾನು ಅಂಗಿಯ ಇನ್ನೊಂದು ತೋಳು ಹಾಕಿಕೊಂಡೆ.

"ಆಟ ಗೆಲ್ಲಲಿಕ್ಕೆ ಇಟ್ಟ ಕುದುರೆ ಅಲ್ಲ ಅದು," ಎಂದರು. "ಎಕ್ಸ್‌-ರೇ ಕೇಳಿದೆ, ಉತ್ತರ ಇಲ್ಲ. ಕೆಮ್ಮು ಕೇಳಿದೆ, ಇಲ್ಲ. ಅಕ್ಷರ ಬೇರೆ. ಆಟವೂ ಬೇರೆ. ಹಾಗಾದ್ರೆ ಒಂದು ಕುದುರೆ ಇಟ್ಟು ನೋಡುವ ಅಂತ ಇಟ್ಟೆ. ಶೆಟ್ರು ಇದ್ರೆ ತಿನ್ನದೆ ಬಿಡುದಿಲ್ಲ. ತಿಂದ್ರೆ ಸಾಕು, ನಾನು ಮತ್ತೆ ಆಟ ಡ್ರಾ ಮಾಡಿಯಾದ್ರೂ ಕೊಡ್ತಿದ್ದೆ. ಬಾಗಿ ಕಾರ್ಡು ಓದಿದ್ಲು. ಮೂಲೆಯ ಕಾಲಾಳು. ಅವತ್ತೇ ನನಗೆ ಗೊತ್ತಾಯ್ತು, ನೀವು ಇ‌ಲ್ಲ ಅಂತ."

"ಆ ದಿನ ಅಪ್ಪ ಊಟ ಮಾಡ್ಲಿಲ್ಲ," ಎಂದಳು ಬಾಗಿ. ಅವಳ ದನಿಯಲ್ಲಿ ಸಿಟ್ಟಿತ್ತು.

ಸುಳ್ಳು ಹೇಳಬಹುದಿತ್ತು. ಮಗಳೇ ಆಡಿದ್ದು ಎಂದರೆ ಮುಗಿಯುತ್ತಿತ್ತು. ಅಷ್ಟು ಹೊತ್ತಿಗೆ ಒಳಕೋಣೆಯಿಂದ ಯಂತ್ರ ಕೀಂ ಎಂದಿತು. ಅರ್ಧಕ್ಕೆ ಬಿಟ್ಟು ಬಂದ ನಡೆಯನ್ನು ಕೇಳುತ್ತಿತ್ತು. ನಾನು ಹೋಗಿ ಪೆಟ್ಟಿಗೆಯನ್ನು ಎತ್ತಿ ತಂದು ಅವರ ಮಡಿಲಿನಲ್ಲಿಟ್ಟೆ. ಎಲ್ಲವನ್ನೂ ಹೇಳಿದೆ. ಹೇಳುವಾಗ ದಪ್ಪ ಪುಸ್ತಕದ ಸಮರ್ಥನೆಯೂ ಬಾಯಿಗೆ ಬಂತು; ಅರ್ಧದಲ್ಲಿ ನುಂಗಿಕೊಂಡೆ.

ಅವರು ಬೆರಳಿನಿಂದ ಮನೆಗಳನ್ನು ಸವರಿದರು. ತಪ್ಪು ಮನೆ ಒತ್ತಿ ಹೋಗಿ ಅದು ಒರಟಾಗಿ ಗುರ್ ಎಂದಿತು. ಬೆರಳನ್ನು ಹಿಂದೆ ತೆಗೆದುಕೊಂಡರು.

"ಒಂದು ನಡೆಗೆ ಎಷ್ಟು ಹೊತ್ತು ಆಲೋಚನೆ ಮಾಡ್ತದೆ?"

"ಏಳೆಂಟು ಗಂಟೆ."

"ಅಷ್ಟು ಹೊತ್ತು ನೀವು ಎಂತ ಮಾಡ್ತೀರಿ?"

"ಆಫೀಸಿಗೆ ಹೋಗ್ತೇನೆ," ಎಂದೆ.

ಅವರು ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ನಕ್ಕಿದ್ದರೂ ಆಗುತ್ತಿತ್ತು. ಕಾರ್ಖಾನೆಯಲ್ಲಿ ಒಡೆದ ಹಂಚನ್ನು ಪಕ್ಕಕ್ಕಿಡುವವರ ಹಾಗೆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಬದಿಗಿಟ್ಟರು.

"ಆಟ ನಿಮ್ಮದು ಶೆಟ್ರೆ. ನನ್ನ ರಾಜನನ್ನು ಮಲಗಿಸಿದ್ದೇನೆ. ಗೆದ್ದಿರಿ."

ಹತ್ತು ವರ್ಷ ಇದೊಂದು ಮಾತಿಗೆ ಕಾದಿದ್ದೆ. ಬಂದಾಗ ಕೆನ್ನೆಗೆ ಹೊಡೆದಂತಾಯಿತು.

"ಬೇಡ ಗುರುವಪ್ಪಣ್ಣ. ಪುನಃ ಆಡುವ. ಈಗಲೇ ಆಡುವ, ಕಾಯಿ ತರ್ತೇನೆ," ಎಂದೆ. ಅವರು ಬಾಗಿಯ ಕಡೆಗೆ ಕೈ ಮಾಡಿದರು. ಅವಳು ಚೀಲದಿಂದ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟಳು. ಬೀಡಿ ಕಟ್ಟುವ ನೂಲಿನಿಂದ ಬಿಗಿದ ಅಂಚೆ ಕಾರ್ಡುಗಳು. ನನ್ನವು.

"ಮನೆಯವರಿಗೆ ಕೊಡುವ ಅಂತ ತಂದದ್ದು," ಎಂದರು. "ಇಲ್ಲೇ ಇರ್ಲಿ."

"ನಾನು ಇದ್ದೇನಲ್ಲ, ನಿಮ್ಮ ಹತ್ರವೇ ಇರ್ಲಿ," ಎಂದೆ. ಅವರಾಗಲೇ ಎದ್ದಿದ್ದರು.

ಊಟ ಮಾಡಿ ಹೋಗಿ ಎಂದು ಗುಣವತಿ ಎಷ್ಟು ಹೇಳಿದರೂ ಕೇಳಲಿಲ್ಲ. ಸ್ಕೂಟರಿನಲ್ಲಿ ಬಿಡುತ್ತೇನೆಂದು ಓಡಿದೆ. ಅದು ಸ್ಟಾರ್ಟ್ ಆಗಲಿಲ್ಲ, ಹತ್ತು ಸಲ ಒದ್ದೆ. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ, ಬಾಗಿಯ ತೋಳು ಹಿಡಿದು ಗೇಟಿನವರೆಗೆ ಬಂದಿದ್ದರು. ನಾನು ಗೇಟು ತೆರೆದು ಹಿಡಿದು ನಿಂತೆ. ಒಂದು ಮಾತಿಗೆ ಕಾದೆ. ನನ್ನ ಮುಂದೆಯೇ, ಕೈಗೆಟಕುವಷ್ಟು ಹತ್ತಿರದಲ್ಲಿ, ಏನೂ ಹೇಳದೆ ದಾಟಿ ಹೋದರು. ಬಸ್ ಸ್ಟಾಪಿನ ತಿರುವಿನವರೆಗೆ ನೋಡುತ್ತ ನಿಂತೆ. ತಿರುಗಿ ಒಂದು ಮಾತು ಕೂಗಿ ಹೇಳಿಯಾರು ಎಂದುಕೊಂಡೆ. ಹೇಳಲಿಲ್ಲ.

"ಬರ್ತೇನೆ ಅಂತ ಹೇಳ್ಲೇ ಇಲ್ಲ ಅಲ್ವಾ ಅವರು," ಎಂದಳು ಗುಣವತಿ ಹಿಂದಿನಿಂದ. "ಮರ್ತುಹೋಯ್ತೋ ಏನೋ."

ಗುರುವಪ್ಪಣ್ಣ ಮರೆಯುವ ಜನ ಅಲ್ಲ. ಹತ್ತು ವರ್ಷದ ಹಿಂದೆ ನಾನು ಆಡಿದ ಕೆಟ್ಟ ನಡೆಗಳನ್ನು ಒಂದೂ ಬಿಡದೆ ನೆನಪಿಟ್ಟುಕೊಂಡವರು.

ಒಳಗೆ ಬಂದು ನೂಲು ಬಿಚ್ಚಿದೆ. ನಾನೂರಕ್ಕೆ ಸ್ವಲ್ಪ ಕಡಿಮೆ ಕಾರ್ಡುಗಳು. ಶಶಿ ಮೂರನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾದದ್ದು. ಬಾವಿಗೆ ಬಿದ್ದ ಬೆಕ್ಕು. ಮೇಲಧಿಕಾರಿಗೆ ನಾನು ಇಟ್ಟ ಅಡ್ಡಹೆಸರು. ಕೆಲವು ಕಾರ್ಡಿನ ಅಂಚು, ಮತ್ತೆ ಮತ್ತೆ ಹಿಡಿದದ್ದಕ್ಕೆ, ಮೆತ್ತಗಾಗಿತ್ತು. ಕಟ್ಟಿನ ಕೊನೆಯ ಕಾರ್ಡು ಡಿಸೆಂಬರಿನದ್ದು, ಒಂಬತ್ತನೇ ನಡೆ, ಕೆಮ್ಮಿ ಕೆಮ್ಮಿ ಎದೆ ನೋಯುತ್ತದೆ. ಆಮೇಲೆ ಶಶಿ ಬರೆದ ಒಂದು ಕಾರ್ಡೂ ಅದರಲ್ಲಿರಲಿಲ್ಲ. ಅವುಗಳನ್ನು ಅವರು ನನ್ನವೆಂದು ಕಟ್ಟಿರಲಿಲ್ಲ.

ಯಂತ್ರದ ವಯರನ್ನು ಕಿತ್ತೆ. ಕೆಂಪು ದೀಪ ಆರಿತು. ಹಳೆಯ ಮರದ ಮಣೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮಾರ್ಚಿನಲ್ಲಿ ಇದ್ದ ಹಾಗೆ ಕಾಯಿಗಳನ್ನು ಇಟ್ಟೆ. ನಟ್ಟನಡುವೆ ಆ ಕುದುರೆ. ಮೇಜಿನ ಖಾನೆಯಿಂದ ಒಂದು ಕಾರ್ಡು ತೆಗೆದು ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ ಬರೆದೆ.

"ಹದಿನೇಳನೇ ನಡೆಗೆ ತಿದ್ದುಪಡಿ. ಈ ಹಿಂದೆ ಕಳಿಸಿದ್ದು ಮತ್ತು ಅನಂತರದವುಗಳೆಲ್ಲ ರದ್ದು. 4144. ಕುದುರೆಯನ್ನು ತಿಂದಿದ್ದೇನೆ."

ಕೆಳಗೆ ಎರಡು ಗೆರೆ. "ಎಕ್ಸ್‌-ರೇಯಲ್ಲಿ ಎಂತ ಇರಲಿಲ್ಲ, ಸಿಗರೇಟಿನ ಕೆಮ್ಮು. ನೀವು ಬಂದ ದಿನವೇ ಸ್ಕೂಟರ್ ಕೈಕೊಟ್ಟಿತು, ಇದನ್ನು ಮಾರಿಬಿಡುತ್ತೇನೆ."

ಶಶಿ ಕಾರ್ಡಿಗೆ ಕೈ ನೀಡಿದಳು. ಕೊಡಲಿಲ್ಲ. ನಾನೇ ನಡೆದುಕೊಂಡು ಹೋಗಿ ಮಾರ್ಕೆಟಿನ ಹತ್ತಿರದ ಕೆಂಪು ಡಬ್ಬಿಗೆ ಹಾಕಿದೆ. ಭಾನುವಾರ ಕಟ್ಟು ತೆಗೆಯುವುದಿಲ್ಲ ಎಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ನಾಲ್ಕು ನಡೆಯಲ್ಲಿ ನಾನು ಸೋಲುತ್ತೇನೆ. ಅವರು ಆಡಿದರೆ.